ನರ್ಸಪ್ಪನ ರಿಪೇರಿ ಕೆಲಸ

ನಮ್ಮ ಕಡೆ ನರ್ಸ್ ಅಂದರೆ ನರ್ಸಮ್ಮ. ಗಂಡಸು ಆ ಕೆಲಸಕ್ಕೆ ಬಂದರೆ ಏನಂತ ಕರೆಯಬೇಕು ಅಂತ ಯಾರೂ ಯೋಚನೆ ಮಾಡಿಟ್ಟಿರಲಿಲ್ಲ. ಹಾಗಾಗಿ ನಾನು ವಾರ್ಡಿಗೆ ಕಾಲಿಟ್ಟಾಗ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಓದಿದವರು ‘ಬ್ರದರ್’ ಅಂದರು. ವಯಸ್ಸಾದವರು ‘ಡಾಕ್ಟ್ರೇ’ ಅಂದರು, ಅಲ್ಲ ಅಂತ ಹೇಳಿದ ಮೇಲೆ ‘ಕಾಂಪೌಂಡ್ರೇ’ ಅಂದರು. ಒಬ್ಬ ಅಜ್ಜ ಮಾತ್ರ ನನ್ನ ದಪ್ಪ ಮೀಸೆಯನ್ನು ತುಂಬಾ ಹೊತ್ತು ನೋಡಿ, ಯಾವುದಕ್ಕೂ ಇರಲಿ ಅಂತ ‘ಸಿಸ್ಟರ್ ಸಾರ್’ ಅಂದರು. ಕೊನೆಗೆ ಗಟ್ಟಿಯಾಗಿ ಉಳಿದದ್ದು ‘ನರ್ಸಪ್ಪ’.

ಹೆಸರಿನ ಗೊಂದಲ ಏನೇ ಇರಲಿ, ಏನಾದರೂ ಕೆಟ್ಟರೆ ಯಾರನ್ನು ಕರೆಯಬೇಕು ಅನ್ನುವುದರಲ್ಲಿ ಮಾತ್ರ ಯಾರಿಗೂ ಗೊಂದಲ ಇಲ್ಲ. ಫ್ಯಾನ್ ಕೀಚಲು ಕೂಗಿದರೆ ನರ್ಸಪ್ಪ. ಮಂಚದ ತಲೆ ಕಡೆ ಏಳದಿದ್ದರೆ ನರ್ಸಪ್ಪ. ಗಂಡಸು ಅಂದಮೇಲೆ ಸ್ಪ್ಯಾನರ್ ಹಿಡಿದೇ ಹುಟ್ಟಿರುತ್ತಾನೆ ಅಂತ ಲೆಕ್ಕ. ಮೇ 12ಕ್ಕೆ, ಅಂದರೆ ನರ್ಸಿಂಗ್ ಕೆಲಸಕ್ಕೆ ದಾರಿ ಹಾಕಿಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಹುಟ್ಟಿದ ದಿನ, ನಾವೆಲ್ಲ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. ಒಂದು ವರ್ಷ ಗಾಳಿಗೆ ಅಷ್ಟೂ ದೀಪ ಆರಿಹೋದವು. ಬೆಂಕಿಪೊಟ್ಟಣ ಸಿಕ್ಕಿದ್ದು ನನ್ನ ಜೇಬಿನಲ್ಲೇ. ಮೇಟ್ರನ್ ಮೇಡಂ ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಲಿಲ್ಲ. ಸುಮ್ನೆ ನೋಡಿದರು. ಕೇಳಿದ್ದರೇ ವಾಸಿ ಇತ್ತು.

ನಿಜ ಹೇಳಬೇಕೆಂದರೆ ನನ್ನ ಜೇಬೇ ಒಂದು ಕಿರಾಣಿ ಅಂಗಡಿ. ಪ್ಲಾಸ್ಟರ್ ಸುರುಳಿ, ಕತ್ತರಿ, ರೋಲರ್ ಬ್ಯಾಂಡೇಜ್, ಮಾರ್ಕರ್ ಪೆನ್ನು. ಡ್ರಿಪ್ ಸ್ಟ್ಯಾಂಡ್ ಬೇಕು ಅಂತ ಇಂಡೆಂಟ್ ಬರೆದು, ಅದು ಬರುವಷ್ಟರಲ್ಲಿ ರೋಗಿ ಗುಣವಾಗಿ ಊರಿಗೆ ಹೋಗಿ ಗದ್ದೆ ನಾಟಿ ಮುಗಿಸಿರುತ್ತಾನೆ. ಅದಕ್ಕೇ ಕಿಟಕಿಯ ಸರಳಿಗೆ ಬ್ಯಾಂಡೇಜ್ ಕಟ್ಟಿ ಬಾಟಲಿ ನೇತುಹಾಕುತ್ತೇವೆ.

ಹಾಗೆ ನೇತುಹಾಕಿದ ಒಂದು ಬಾಟಲಿಯಿಂದಲೇ ರಾದ್ಧಾಂತ ಆಯಿತು. ಜ್ವರ ಅಂತ ಸೇರಿದ್ದ ಅಜ್ಜಿ. ಎಲ್ಲಿ ತಡಕಿದರೂ ನರ ಸಿಗಲಿಲ್ಲ. ಕೊನೆಗೆ ಮೊಣಕೈ ಮಡಿಚುವ ಜಾಗದಲ್ಲೇ ಸೂಜಿ ಹಾಕಬೇಕಾಯಿತು. 500 ಎಂಎಲ್, ನಾಲ್ಕು ಗಂಟೆ. ನಮ್ಮ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ ಒಂದು ಎಂಎಲ್. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 42 ಹನಿ. ವಾಚು ನೋಡಿಕೊಂಡು ಸರಿಯಾಗಿ ಬಿಟ್ಟು ಬಂದೆ. ಹತ್ತು ನಿಮಿಷ ಬಿಟ್ಟು ಹೋದರೆ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿದೆ. ಸೊಸೆ ಹನಿ ಹೆಚ್ಚು ಕಮ್ಮಿ ಮಾಡುವ ಚಕ್ರ ತಿರುಗಿಸಿದ್ದಾಳೆ. “ನಾಕ್ ಗಂಟೆ ಬಸ್ಸೈತೆ ಅಣ್ಣ, ಬಿರ್ನೆ ಮುಗೀಲಿ ಅಂತ” ಅಂದಳು. ಹಾಗೆ ಓಡಿಸಬಾರದು ಅಂತ ಬುದ್ಧಿ ಹೇಳಿ ಮತ್ತೆ 42ಕ್ಕೆ ತಂದೆ. ಈಗ ಪೂರ್ತಿ ನಿಂತಿತು. ಅಜ್ಜಿ ಕೈ ಮಡಿಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಮೂರು ಸಲ ಕೈ ನೀಡಿಸಿದೆ. ಮೂರು ಸಲವೂ ಮಡಿಚಿದರು. ನಾಲ್ಕನೇ ಸಲ ಸಲೈನ್ ಬಾಟಲಿ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿದೆ. ಎರಡು ಗೇಣು ಉದ್ದದ ಪಟ್ಟಿ, ಮೇಲೆ ಹತ್ತಿ, ಅದರ ಮೇಲೆ ಕೈ, ಸುತ್ತ ಬ್ಯಾಂಡೇಜ್. ಸೂಜಿ ಹಾಕಿದ ಜಾಗ ಕಾಣುವ ಹಾಗೆ ಬಿಟ್ಟು, ಬೆರಳು ಬೆಚ್ಚಗಿದೆಯಾ ಅಂತ ಮುಟ್ಟಿ ನೋಡಿದೆ. ಕೈ ನೆಟ್ಟಗೆ ನಿಂತಿತು, ಹನಿ ಬಿತ್ತು. ಇಂಜಿನಿಯರಿಂಗ್ ಓದಬೇಕಿತ್ತು ಅನ್ನಿಸಿತು.

ನಾಲ್ಕು ಗಂಟೆಗೆ ನೋಡಲು ಬರುವವರನ್ನು ಒಳಗೆ ಬಿಟ್ಟರು. ಊರಿಂದ ಒಂದು ಟೆಂಪೋ ಜನ. ಮೊದಲು ಒಳಗೆ ಬಂದ ಹೆಂಗಸು ಬಾಗಿಲಲ್ಲೇ ಎದೆ ಬಡಿದುಕೊಂಡಳು. “ಅಯ್ಯೋ ಅತ್ತೆ, ಜರ ಅಂತ ಸೇರ್ಸುದ್ರೆ ಕೈ ಮುರ್ದವ್ರಲ್ಲಪ್ಪೋ!” ಅಷ್ಟೇ, ಅಳು ಶುರು. ಅಜ್ಜಿ ತಮ್ಮ ಕೈಯನ್ನು ಆಗ ತಾನೇ ಕಂಡವರಂತೆ ನೋಡಿ ತಾವೂ ಅಳಲು ಶುರು ಮಾಡಿದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಶಾಲೆಗೆ ಹೋಗುವ ಮೊಮ್ಮಗ ರಟ್ಟಿನ ಮೇಲಿದ್ದ ಅಚ್ಚು ಓದಿಬಿಟ್ಟ. “ಹ್ಯಾಂಡಲ್ ವಿತ್ ಕೇರ್ ಅಂತ ಬರ್ದೈತೆ. ಬಾಣದ ಗುರ್ತೂ ಐತೆ, ಈ ಕಡೆ ಮ್ಯಾಕೆ ಇರ್ಬೇಕಂತೆ.”

ಬಾಣ ಅಜ್ಜಿಯ ಕಂಕುಳ ಕಡೆ ತೋರಿಸುತ್ತಿತ್ತು. ಕೂಡಲೇ ಇಬ್ಬರು ಅಜ್ಜಿಯನ್ನು ಎತ್ತಿ ಕೂರಿಸಿದರು. ಡ್ಯೂಟಿ ಡಾಕ್ಟರ್ ಬಂದು ಎಲ್ಲರ ಎದುರು ರಟ್ಟು ಬಿಚ್ಚಿಸಿ, ಅಜ್ಜಿಯಿಂದ ಎರಡು ಸಲ ಕೈ ಮಡಿಚಿಸಿ ತೋರಿಸಬೇಕಾಯಿತು. ಹಾಗೆ ಮಡಿಚುವಾಗ ಸೂಜಿ ಕಿತ್ತು ಬಂತು. ಮತ್ತೆ ನರ ಹುಡುಕುವ ಕೆಲಸ ಯಾರಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ ಅಲ್ವಾ?

ಮಕ್ಕಳ ವಾರ್ಡಿನಲ್ಲಿ ನನಗೆ ಮರ್ಯಾದೆ ಜಾಸ್ತಿ. ಗ್ಲೌಸ್ ಊದಿ ಗಂಟು ಹಾಕಿ, ಕಣ್ಣು ಕೊಕ್ಕು ಬರೆದರೆ ಐದು ಬೆರಳೇ ಹುಂಜದ ಜುಟ್ಟು. ಒಂದು ಮಗುವಿಗೆ ಕೊಟ್ಟೆ. ಸಂಜೆ ಹೊತ್ತಿಗೆ ಆಚೆ ವಾರ್ಡಿನ ಮಕ್ಕಳೂ ಸಾಲುಗಟ್ಟಿದರು. ತಿಂಗಳ ಕೊನೆಗೆ ಸ್ಟಾಕ್ ಪುಸ್ತಕದಲ್ಲಿ 23 ಗ್ಲೌಸ್ ಕಮ್ಮಿ ಬಂತು. ‘ಹುಂಜ’ ಅಂತ ಬರೆಯಲು ಅದರಲ್ಲಿ ಕಾಲಂ ಇಲ್ಲ. ನನ್ನ ದುಡ್ಡಿನಲ್ಲೇ ಒಂದು ಡಬ್ಬಿ ತಂದಿಟ್ಟೆ.

ಮನೆಯಲ್ಲೂ ಇದೇ ಪಾಡು. ಹೆಣ್ಣು ನೋಡಲು ಹೋದಾಗ ಅಮ್ಮ ‘ನರ್ಸ್’ ಅನ್ನದೆ ‘ಮೆಡಿಕಲ್ ಲೈನು’ ಅನ್ನುತ್ತಿದ್ದಳು. ಆದರೆ ಕುಕ್ಕರಿನ ಹಿಡಿ ಅಲ್ಲಾಡಿದರೆ ಮಾತ್ರ “ಲೋ, ನಿನ್ನ ಆಸ್ಪತ್ರೆ ಪ್ಲಾಸ್ಟರ್ ತಾರೋ” ಅನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಎರಡು ದಿನ ಮದುವೆಗೆ ಹೊರಟಿದ್ದೆವು. ಕುಂಡದ ಕರಿಬೇವು ಒಣಗುತ್ತದೆ ಅಂತ ಅಮ್ಮನಿಗೆ ಚಿಂತೆ. ಮೆಡಿಕಲ್ ಶಾಪಿನಿಂದ ಹೊಸ ಡ್ರಿಪ್ ಸೆಟ್ ತಂದೆ. ವಾರ್ಡಿನಲ್ಲಿ ಬಳಸಿದ್ದು ಆಸ್ಪತ್ರೆ ಕಸದ ಕೆಂಪು ಚೀಲಕ್ಕೇ ಹೋಗಬೇಕು, ಮನೆಗೆ ತರುವ ಹಾಗಿಲ್ಲ. ಎರಡು ಲೀಟರಿನ ಬಾಟಲಿಗೆ ನೀರು ತುಂಬಿ, ತಲೆಕೆಳಗಾಗಿ ಗ್ರಿಲ್ಲಿಗೆ ಕಟ್ಟಿ, ಗಾಳಿಗೆ ಮೇಲೊಂದು ತೂತು ಮಾಡಿದೆ. 40,000 ಹನಿ. ನಿಮಿಷಕ್ಕೆ 14 ಬಿಟ್ಟರೆ ಹೆಚ್ಚುಕಮ್ಮಿ 48 ಗಂಟೆ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. “ನಮ್ಮ ಕರಿಬೇವಿಗೆ ಗ್ಲೂಕೋಸ್ ಹಾಕಿದ್ದಾನೆ ನನ್ನ ಮಗ.”

ವಾಪಸ್ ಬಂದರೆ ಬಾಟಲಿ ಖಾಲಿ. ಕುಂಡದ ಮಣ್ಣು ಹರಿದು ಮೆಟ್ಟಿಲ ತನಕ ಬಂದಿದೆ. ಕರಿಬೇವು ಕೆಸರಿನಲ್ಲಿ ಒಂದು ಕಡೆಗೆ ವಾಲಿದೆ. ಪಕ್ಕದ ಮನೆ ಆಂಟಿ ಕಾಂಪೌಂಡಿನ ಆಚೆಯಿಂದಲೇ ಖುಷಿಯಾಗಿ ಕೂಗಿದರು.

“ನೀವು ಹೋದ ಅರ್ಧ ಗಂಟೆಗೇ ನೋಡಿದೆ ಕಣಪ್ಪಾ, ತೀರಾ ನಿಧಾನ ಬೀಳ್ತಿತ್ತು. ಪಾಪ ಅಂತ ಚಕ್ರ ತಿರುಗಿಸಿ ಜೋರಾಗಿ ಬಿಟ್ಟೆ!”