ನನ್ನ ಮಗನನ್ನು ಯಾರ ಪಟ್ಟಿಯಲ್ಲೂ ಬರೆಯಬೇಡಿ ಮಾರಾಯ್ರೆ

ಭಾನುವಾರ ಸಂಜೆಯಿಂದ ತಲೆಬಿಸಿ. "ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ, ಆಮೇಲೆ ಸಭೆಯವರೆಲ್ಲ ನನ್ನನ್ನು ಕೇಳುತ್ತಾರೆ" ಅಂತ ಇವಳು ಮೊದಲೇ ಹೇಳಿದ್ದಾಳೆ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಆಗುವುದಿಲ್ಲ.

ಮಂಗಳೂರಿನಲ್ಲಿ ಒಂದು ಪ್ರಾರ್ಥನಾ ಕೂಟ ಇತ್ತು. ಅಮೆರಿಕದಿಂದ ಬಂದ ಅತಿಥಿಯೊಬ್ಬರ ಭಾಷಣ. ಯಾವ ಕೂಟ, ಯಾರು ಅತಿಥಿ ಅಂತ ಕೇಳಬೇಡಿ, ಹೇಳುವುದಿಲ್ಲ. ರಜೆಗೆ ಊರಿಗೆ ಬಂದ ಮಗನನ್ನೂ ಉಡುಪಿಯಿಂದ ಬಸ್ಸಿನಲ್ಲಿ ಎಳೆದುಕೊಂಡು ಹೋಗಿದ್ದೆ. ಪಾಪ, ಅವನು ಮಲ್ಪೆಗೆ ಹೋಗಬೇಕು ಅಂತಿದ್ದ.

ಅತಿಥಿಗಳು ಪರದೆಯ ಮೇಲೆ ಪ್ರಪಂಚದ ನಕ್ಷೆ ಹಾಕಿದರು. ನಕ್ಷೆಯ ಮೇಲೆ ಉದ್ದಕ್ಕೆ ಒಂದು ಚೌಕ. ಅದಕ್ಕೆ 10/40 ಕಿಟಕಿ ಅಂತ ಹೆಸರು. 1990ರ ಸುಮಾರಿಗೆ ಮಿಷನರಿ ವಲಯದಲ್ಲಿ ಚಾಲ್ತಿಗೆ ಬಂದ ಮಾತು ಅದು. ಭೂಮಧ್ಯರೇಖೆಯ ಉತ್ತರಕ್ಕೆ 10ರಿಂದ 40 ಡಿಗ್ರಿ ಒಳಗೆ, ಆಫ್ರಿಕಾದಿಂದ ಏಷ್ಯಾದವರೆಗೆ ಬರುವ ದೇಶಗಳು. ಅಂದರೆ ಸುವಾರ್ತೆ ಸರಿಯಾಗಿ ಮುಟ್ಟದ ಜಾಗ ಅಂತ ಲೆಕ್ಕ. ನಮ್ಮ ಉಡುಪಿ 13 ಡಿಗ್ರಿಯಲ್ಲಿ ಉಂಟು. ಮಂಗಳೂರೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಆ ಸಭಾಂಗಣದಲ್ಲಿ ಮುನ್ನೂರು ಕುರ್ಚಿ ತುಂಬಿಸಿ ಕೂತ ನಾವೆಲ್ಲ ಕಿಟಕಿಯ ಒಳಗೇ ಕೂತಿದ್ದೆವು. ಸುವಾರ್ತೆ ಮುಟ್ಟದವರು!

ಆಮೇಲೆ ಅಂಕಿ ಅಂಶ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3 ಲಕ್ಷದ 31 ಸಾವಿರಕ್ಕೂ ಜಾಸ್ತಿ. ಆ ವರ್ಷ ಚೀನಾದವರನ್ನೂ ನಾವು ಹಿಂದೆ ಹಾಕಿದೆವು. ಇದು ನಿಜವೇ. ನಮ್ಮ ದೇಶಗಳಿಗೆ ಮಿಷನರಿಗಳಾಗಿ ಬರಲು ವೀಸಾ ಸಿಗುವುದು ಕಷ್ಟ, ಅದಕ್ಕೆ ದೇವರೇ ಆ ದೇಶದ ಮಕ್ಕಳನ್ನು ಅವರ ಬಾಗಿಲಿಗೆ ಕಳಿಸಿಕೊಟ್ಟಿದ್ದಾನಂತೆ. ನನಗೆ ಗೊತ್ತಿದ್ದಂತೆ ನನ್ನ ಮಗನನ್ನು ಕಳಿಸಿದ್ದು ನಾನು, ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು. ಸಾಲದ ಕಾಗದದಲ್ಲಿ ದೇವರ ಸಹಿ ಎಲ್ಲೂ ಕಾಣಲಿಲ್ಲ.

ಕೊನೆಗೆ ಫೋಟೋಗಳು. ಏಳೆಂಟು ಕಂದು ಬಣ್ಣದ ಹುಡುಗರು ಒಂದು ಮೇಜಿನ ಸುತ್ತ ಕೂತು ಪಿಜ್ಜಾ ತಿನ್ನುತ್ತಿದ್ದಾರೆ. ಎಲ್ಲರೂ ನಗುತ್ತಿದ್ದಾರೆ. ಮಗ ನನ್ನ ಕಿವಿಯ ಹತ್ತಿರ ಬಂದು, "ಅಪ್ಪ, ಇದೇ ಪಿಜ್ಜಾ" ಅಂದ.

ಈ ಪಿಜ್ಜಾದ ಕಥೆ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ.

ಮಗ ಓದುವುದು ಅಮೆರಿಕದ ನಡುಮಧ್ಯದ ಒಂದು ಊರಲ್ಲಿ. ಜೋಳದ ಗದ್ದೆ ಬಿಟ್ಟರೆ ಬೇರೆ ಎಂತದೂ ಇಲ್ಲ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಇಳಿದ. ವಿಮಾನ ನಿಲ್ದಾಣಕ್ಕೆ ಒಬ್ಬ ಅಮೆರಿಕದ ಹುಡುಗ ಕಾರು ತಂದಿದ್ದ. ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳಿಗೆ ಉಚಿತ ಸೇವೆ ಅಂತ ಮೊದಲೇ ಇಮೇಲ್ ಬಂದಿತ್ತು. ಮೂರನೇ ಮಹಡಿಗೆ ಹಾಸಿಗೆ ಹೊತ್ತು ತಂದುಕೊಟ್ಟ. ಮೇಜು, ದೀಪ, ಒಂದು ಕಾವಲಿ ಎಲ್ಲ ಫ್ರೀ. ವಾರಕ್ಕೊಮ್ಮೆ ವಾಲ್‌ಮಾರ್ಟ್‌ಗೆ ಕರೆದುಕೊಂಡು ಹೋಗುತ್ತಿದ್ದ. ಶುಕ್ರವಾರ ಪಿಜ್ಜಾ ಊಟ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಬ್ಬರ ಮನೆಗೆ ಕರೆದರು. ಚಳಿಗೆ ದಪ್ಪ ಕೋಟು ಕೊಟ್ಟರು. ನಾವಿಬ್ಬರೂ ಇಲ್ಲಿ ಕೂತು ದಿನಾ ರಾತ್ರಿ ಆ ಹುಡುಗನ ಹೆಸರು ಹೇಳಿ ದೇವರಿಗೆ ಸ್ತೋತ್ರ ಹೇಳುತ್ತಿದ್ದೆವು. ಇವಳಂತೂ ಅವನಿಗೆ ಕಳಿಸಲು ಉಪ್ಪಿನಕಾಯಿ ಕಟ್ಟಿಟ್ಟಿದ್ದಳು.

ಡಿಸೆಂಬರ್‌ನಲ್ಲಿ ಒಂದು ದಿನ ಆ ಹುಡುಗ ಕಾಫಿ ಅಂಗಡಿಯಲ್ಲಿ ಸಣ್ಣ ಪುಸ್ತಕ ತೆಗೆದ. ಒಂದೊಂದು ಪುಟ ತಿರುಗಿಸಿ ಯೇಸು ಯಾರು, ಪಾಪ ಎಂದರೇನು, ರಕ್ಷಣೆ ಎಂದರೇನು ಅಂತ ವಿವರಿಸಿದ. ಮಗ ನಲವತ್ತು ನಿಮಿಷ ಕೇಳಿಸಿಕೊಂಡ. (ಮನೆಯಲ್ಲಿ ಕಲಿಸಿದ್ದು. ಭಾನುವಾರದ ಪ್ರಸಂಗ ಅದಕ್ಕಿಂತ ಉದ್ದ ಇರುತ್ತದೆ.) ಆಮೇಲೆ ಮೆಲ್ಲಗೆ ಹೇಳಿದ, ನಮ್ಮ ಅಜ್ಜನ ಅಜ್ಜನ ಕಾಲದಿಂದ ನಾವು ಕ್ರಿಶ್ಚಿಯನ್ನರು ಅಂತ.

ಆ ಹುಡುಗನಿಗೆ ಒಮ್ಮೆಲೇ ಮಾತೇ ಹೊರಡಲಿಲ್ಲವಂತೆ. ಆಮೇಲೆ ತುಂಬ ಸಂತೋಷ ಅಂದ. ಅಪ್ಪಿಕೊಂಡ. ಮುಂದಿನ ವಾರ ಕಾರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಜನವರಿಯಲ್ಲಿ ಅವನು ಮೂವರು ಹೈದರಾಬಾದಿನ ಹುಡುಗರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ಮಗನಿಗೆ ಕಾಣಿಸಿತು. ಕೈ ಬೀಸಿದನಂತೆ. ಅಷ್ಟೇ.

"ನೀನು ಆಗಸ್ಟ್‌ನಲ್ಲೇ ಯಾಕೆ ಹೇಳಲಿಲ್ಲ?" ಅಂತ ಕೇಳಿದ್ದೆ.

"ಯಾರೂ ಕೇಳಲಿಲ್ಲ ಅಪ್ಪ. ಮತ್ತೆ ಆ ಊರಲ್ಲಿ ವಾಲ್‌ಮಾರ್ಟ್‌ಗೆ ಬಸ್ಸೂ ಇಲ್ಲ."

ಬಾವನವರು, ನಾದಿನಿ ಎಲ್ಲ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ. ಯಾರೂ ಕೇಳಲಿಲ್ಲ ಅಂದರೆ ಏನು ಮಾರಾಯ್ರೆ? ನಾಲ್ಕು ತಿಂಗಳು ಜೊತೆಯಲ್ಲಿ ಉಂಡು ಓಡಾಡಿ, ನಿಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡುತ್ತೀರಾ, ಯಾರಿಗೆ ಮಾಡುತ್ತೀರಿ ಅಂತ ಒಂದು ಪ್ರಶ್ನೆ ಕೇಳಲು ಆಗಲಿಲ್ಲವಾ? ಉತ್ತರ ಮೊದಲೇ ಪ್ರಿಂಟ್ ಆಗಿದ್ದಕ್ಕೆ ಪ್ರಶ್ನೆ ಬೇಕಾಗಲಿಲ್ಲ, ಅಲ್ವಾ?

ಮಗನ ಹೆಸರು ನೋಡಿ ಮೋಸ ಹೋದರು. ನಮ್ಮ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟಂಟ್ ಮಿಷನ್) ಮನೆಗಳಲ್ಲಿ ಆನಂದ, ವಸಂತ, ಸುಮಿತ್ರ, ಸುಗುಣ ಇಂಥ ಹೆಸರೇ ಜಾಸ್ತಿ. ಊರವರಿಗೆ ಗೊತ್ತು. ಆಚೆಯವರಿಗೆ ಹೇಗೆ ಗೊತ್ತಾಗಬೇಕು? ಕೇಳಿದರೆ ಗೊತ್ತಾಗುತ್ತದೆ.

ಮಂಗಳೂರಿನ ರೊಸಾರಿಯೊ ಇಗರ್ಜಿ ಕಟ್ಟಿದ್ದು 1568ರಲ್ಲಿ. ಮೇಫ್ಲವರ್ ಹಡಗು ಅಮೆರಿಕ ಮುಟ್ಟಿದ್ದು 1620ರಲ್ಲಿ. ಸರಿ, ರೊಸಾರಿಯೊ ಕೆಥೋಲಿಕರದ್ದು, ನಮ್ಮದಲ್ಲ. ನಮ್ಮವರು ಬಂದದ್ದು ತಡವಾಗಿ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂವರು ಹಡಗಿನಿಂದ ಇಳಿದರು. ಕ್ರೈಸ್ತರಾದವರನ್ನು ಮನೆಯವರು ಹೊರಹಾಕಿದರು, ಜಾತಿಯವರು ಕೆಲಸ ಕೊಡಲಿಲ್ಲ. ಅದಕ್ಕೆ ಮಿಷನ್ ನೇಯ್ಗೆ ಶುರುಮಾಡಿತು, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ನಮ್ಮ ಮುತ್ತಜ್ಜ ಆ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ನಿಮ್ಮಲ್ಲಿ ಎಷ್ಟೋ ಜನರ ಹಳೆ ಮನೆಯ ಮಾಡಿನಲ್ಲಿ ಈಗಲೂ ಆ ಹೆಂಚು ಇದ್ದೀತು, ಹತ್ತಿ ನೋಡಿ.

ಇದನ್ನು ಹೇಳಿದ ಕೂಡಲೇ ಯಾರಾದರೊಬ್ಬರು ಬರುತ್ತಾರೆ. "ಹಾಗಾದರೆ ನಿಮ್ಮ ಮೋಗ್ಲಿಂಗ್, ಕಿಟ್ಟೆಲ್ ಬಂದದ್ದು ಎಂತಕ್ಕೆ? ಮತಾಂತರಕ್ಕೇ ಅಲ್ವಾ?" ಹೌದು. ಅದಕ್ಕೇ ಬಂದದ್ದು. ಯಾರು ಇಲ್ಲ ಅಂದರು? ಅವರೂ ಹಿಡಿದದ್ದು ವಿದ್ಯಾರ್ಥಿಗಳನ್ನೇ. ಮಿಷನ್ನಿನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಹುಡುಗ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಮಂಗಳೂರಿಗೆ ಮಂಗಳೂರೇ ಎದ್ದು ನಿಂತಿತ್ತು. ಆ ಹುಡುಗ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ತಾನೇ ಮಿಷನರಿಯಾಗಿ ವಾಪಸ್ ಬಂದ. ಆ ಮನೆಯವರ ಹೊಟ್ಟೆಯ ಸಂಕಟ ನಾನು ಇಲ್ಲ ಅನ್ನುವುದಿಲ್ಲ.

ಆದರೆ ಮೋಗ್ಲಿಂಗ್ ಇಲ್ಲಿ ಕೂತು ಏನು ಮಾಡಿದರು? 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಪಾದ್ರಿ ದಾಸರ ಪದ ಅಚ್ಚು ಹಾಕಿಸುವುದು ಅಂದರೇನು, ಸ್ವಲ್ಪ ಯೋಚನೆ ಮಾಡಿ. ಕಿಟ್ಟೆಲ್ 1853ರಲ್ಲಿ ಬಂದರು, 1894ರಲ್ಲಿ ನಿಘಂಟು ಹೊರಬಂತು. ನಲವತ್ತೊಂದು ವರ್ಷ! ಸುಮಾರು 70 ಸಾವಿರ ಪದ. ಗ್ರೈನರ್ ತುಳುವಿನಲ್ಲಿ ಹೊಸ ಒಡಂಬಡಿಕೆ ಮಾಡಿದರು, ಮೆನ್ನರ್ 1886ರಲ್ಲಿ ತುಳು ನಿಘಂಟು ಮಾಡಿದರು. ಹೇಳುವ ಮೊದಲು ಕೇಳಿಸಿಕೊಂಡರು. ನಾವು ಗಾದೆ ಹೇಳಿದರೆ ಬರೆದುಕೊಂಡರು. ಬೈದರೆ ಬೈಗುಳವನ್ನೂ ಬರೆದುಕೊಂಡಿರಬೇಕು.

ನಮ್ಮ ಪಿಜ್ಜಾ ಹುಡುಗನಿಗೆ ನಾಲ್ಕು ತಿಂಗಳಲ್ಲಿ ಮಗನ ಹೆಸರನ್ನು ಸರಿಯಾಗಿ ಹೇಳಲು ಬರಲಿಲ್ಲ.

ಇದು ಒಬ್ಬ ಹುಡುಗನ ತಪ್ಪಲ್ಲ ಅಂತ ನನಗೂ ಗೊತ್ತು. ಹಳೆಯ ವ್ಯವಸ್ಥೆ ಅದು. 1886ರಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿದ ಕಾಲೇಜು ಹುಡುಗರಲ್ಲಿ ನೂರು ಜನ ಹೊರದೇಶಕ್ಕೆ ಮಿಷನರಿಗಳಾಗಿ ಹೋಗುತ್ತೇವೆ ಅಂತ ಹೆಸರು ಕೊಟ್ಟರು. ಈ ತಲೆಮಾರಿನಲ್ಲೇ ಇಡೀ ಲೋಕಕ್ಕೆ ಸುವಾರ್ತೆ ಅನ್ನುವುದು ಆ ಚಳವಳಿಯ ಘೋಷಣೆ. ಆ ನೂರರಲ್ಲಿ ಒಬ್ಬರಾದ ಜಾನ್ ಮಾಟ್‌ಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆಗ ಹಡಗು ಹತ್ತಿ ಹೋಗುತ್ತಿದ್ದರು. 1950ರ ದಶಕದಿಂದ ಲೆಕ್ಕ ಬದಲಾಯಿತು. ಅವರೇ ಓದಲು ಇಲ್ಲಿಗೆ ಬರುತ್ತಾರೆ, ನಾವು ಯಾಕೆ ಹೋಗಬೇಕು ಅಂತ. ವಿದೇಶಿ ವಿದ್ಯಾರ್ಥಿಗಳಿಗಾಗಿಯೇ ಸಂಸ್ಥೆಗಳು ಹುಟ್ಟಿಕೊಂಡವು. ಹಡಗಿನ ಖರ್ಚು ಉಳಿಯಿತು. ಭಾಷೆ ಕಲಿಯುವ ಕಷ್ಟವೂ ಉಳಿಯಿತು. ನನ್ನ ತಕರಾರು ಈ ಎರಡನೆಯ ಉಳಿತಾಯದ ಬಗ್ಗೆ.

ನಿನ್ನೆ ವಾಟ್ಸಾಪಿನಲ್ಲಿ ಒಬ್ಬ ಹಳೆ ಸಹೋದ್ಯೋಗಿ, "ನೋಡಿದಿರಾ, ಅಲ್ಲಿಯೂ ಮತಾಂತರ ಮಾಫಿಯಾ" ಅಂತ ಹಾಕಿದರು. ಸ್ವಾಮಿ, ನನ್ನ ಮನೆಯಲ್ಲಿ ಮತಾಂತರ ಆಗಿ ನೂರೈವತ್ತು ವರ್ಷ ಆಯಿತು, ನೀವು ಸ್ವಲ್ಪ ಲೇಟು. ಇಸ್ಕಾನ್ 1966ರಲ್ಲಿ ಶುರುವಾದದ್ದು ನ್ಯೂಯಾರ್ಕಿನಲ್ಲಿ, ಅಲ್ಲಿನ ಹುಡುಗರಿಗೆ ಊಟ ಬಡಿಸಿ, ಭಜನೆ ಕಲಿಸಿ. ಆಗ ನೀವು ಚಪ್ಪಾಳೆ ಹೊಡೆದವರು. ತನಗೆ ರುಚಿಸಿದ್ದನ್ನು ಇನ್ನೊಬ್ಬರಿಗೆ ಹೇಳುವುದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹೇಳಲಿ. ಬಾಗಿಲು ಬಡಿದು, "ನಾನು ಇಂಥ ಸಭೆಯವನು, ನಿನಗೆ ಯೇಸುವಿನ ಬಗ್ಗೆ ಹೇಳಬೇಕು" ಅಂತ ಮೊದಲ ದಿನವೇ ಹೇಳಲಿ. ಬೇಡ ಅಂದವನಿಗೂ ಹಾಸಿಗೆ ಹೊತ್ತು ಕೊಡಲಿ.

"ಉಪಕಾರ ಮಾಡಿದ್ದಂತೂ ನಿಜ ಅಲ್ವಾ, ಆ ಚಳಿಯಲ್ಲಿ ಕೋಟು ಕೊಟ್ಟವರು ಬೇರೆ ಯಾರು?" ಅನ್ನುತ್ತಾಳೆ ಇವಳು. ನಿಜ. ಅಲ್ಲಿರುವ ನಮ್ಮವರೇ ಒಂದು ಸಂಘದವರು ವಾರ್ಷಿಕ ಚಂದಾ ಎಷ್ಟು ಅಂತ ಮಗನಿಗೆ ತಿಳಿಸಿದ್ದು ಬಿಟ್ಟರೆ ಇನ್ನೇನೂ ಮಾಡಲಿಲ್ಲ. ಕೋಟು ಬೆಚ್ಚಗೆ ಉಂಟು, ಈಗಲೂ ಹಾಕುತ್ತಾನೆ. ಆದರೆ ಆ ಹುಡುಗ ಯಾಕೆ ಬರುವುದು ನಿಲ್ಲಿಸಿದ ಅನ್ನುವುದಕ್ಕೆ ಕೋಟು ಉತ್ತರ ಅಲ್ಲ. ಮಗನಲ್ಲಿ ಇನ್ನು ಮಾಡುವ ಕೆಲಸ ಇರಲಿಲ್ಲ. ಪಟ್ಟಿಯಿಂದ ಹೆಸರು ಹೊಡೆದು ಹಾಕಿದ.

ಇಷ್ಟು ಸಿಟ್ಟು ಯಾಕೆ ಅಂತ ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಪಟ್ಟಿ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೂ ಬರೆದಿದ್ದೆ.

1985ರಲ್ಲಿ ನಾನು ಮಣಿಪಾಲದಲ್ಲಿ ಓದುತ್ತಿದ್ದೆ. ಆಗಲೂ ಅಲ್ಲಿ ಮಲೇಶಿಯಾದ ವಿದ್ಯಾರ್ಥಿಗಳು ತುಂಬ ಇದ್ದರು. ನಾವು ಏಳೆಂಟು ಹುಡುಗರ ಒಂದು ಪ್ರಾರ್ಥನಾ ಗುಂಪು ಇತ್ತು. ಒಬ್ಬೊಬ್ಬರು ಮೂರು ಜನರ ಸ್ನೇಹ ಮಾಡಬೇಕು ಅಂತ ಕಟ್ಟುಪಾಡು. ನೂರು ಪುಟದ ನೋಟುಪುಸ್ತಕದಲ್ಲಿ ಹೆಸರು, ಎದುರಿಗೆ ಒಂದು ಗೆರೆ: ತಣ್ಣಗಿದ್ದಾನೆ, ಕೇಳುತ್ತಾನೆ, ಹತ್ತಿರ ಬಂದಿದ್ದಾನೆ. ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ಪೆನಾಂಗ್‌ನ ಚೀನೀ ಹುಡುಗ. ಅವನನ್ನು ಉಡುಪಿಯ ನಮ್ಮ ಮಿಷನ್ ಕಾಂಪೌಂಡಿನ ಮನೆಗೆ ಕರೆದುಕೊಂಡು ಹೋದೆ. ಅಮ್ಮ ನೀರುದೋಸೆ, ಬಂಗುಡೆ ಗಸಿ ಬಡಿಸಿದಳು. ಹನ್ನೊಂದು ದೋಸೆ ತಿಂದ. ಆಮೇಲೆ ತಿಂಗಳಿಗೆರಡು ಸಲ ಬರುತ್ತಿದ್ದ. ಅಮ್ಮನಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು, ಆದರೂ ಇಬ್ಬರೂ ಅಡಿಗೆಮನೆಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ನಾನು ಹಾಸ್ಟೆಲಿಗೆ ಬಂದು ಪುಸ್ತಕದಲ್ಲಿ "ಹತ್ತಿರ ಬಂದಿದ್ದಾನೆ" ಅಂತ ಬರೆಯುತ್ತಿದ್ದೆ.

ಒಂದು ದಿನ ಅವನು ನನ್ನ ಕೋಣೆಯಲ್ಲಿ ಆ ಪುಸ್ತಕ ತೆರೆದ. ಕನ್ನಡ ಓದಲು ಬರುತ್ತಿರಲಿಲ್ಲ. ಪಕ್ಕದ ಕೋಣೆಯವನ ಹತ್ತಿರ ಓದಿಸಿದ. ನನ್ನ ಹತ್ತಿರ ಜಗಳ ಮಾಡಲಿಲ್ಲ. ಮರುದಿನ ಬಸ್ಸು ಹತ್ತಿ ಮನೆಗೆ ಹೋಗಿ, ಅಮ್ಮ ಕೊಟ್ಟಿದ್ದ ಸ್ಟೀಲಿನ ಬುತ್ತಿಪಾತ್ರೆಯನ್ನು ತೊಳೆದು ಒರೆಸಿ ಅವಳ ಕೈಗೆ ಕೊಟ್ಟು ಬಂದ. ಮತ್ತೆ ಬರಲೇ ಇಲ್ಲ. "ಆ ಹುಡುಗ ಯಾಕೆ ಬರುವುದಿಲ್ಲ, ನಾನೇನಾದರೂ ಉಪ್ಪು ಜಾಸ್ತಿ ಹಾಕಿದೆನಾ?" ಅಂತ ಅಮ್ಮ ಎಷ್ಟೋ ವರ್ಷ ಕೇಳಿದಳು. ಪರೀಕ್ಷೆ ಅಂದೆ, ಊರಿಗೆ ಹೋದ ಅಂದೆ. ನಿಜ ಹೇಳದೆಯೇ ಅವಳನ್ನು ಮಣ್ಣು ಮಾಡಿದೆ.

ಭಾನುವಾರ ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಮೊದಲ ಸಲ ಮಗನಿಗೆ ಹೇಳಿದೆ. ಮುಲ್ಕಿಯಲ್ಲಿ ಶುರುಮಾಡಿದ್ದು ಪಡುಬಿದ್ರಿಗೆ ಮುಗಿಯಿತು. ಅವನು ಏನೂ ಮಾತಾಡಲಿಲ್ಲ. ಕಾಪು ದಾಟಿದ ಮೇಲೆ, "ಅವರ ಹೆಸರೇನು ಅಪ್ಪ? ಫೇಸ್‌ಬುಕ್ಕಿನಲ್ಲಿ ಹುಡುಕುವ" ಅಂದ.

ಟೋನಿ ಅಂದೆ. ಅವನ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲ ಅಂತ ನಮ್ಮ ಗುಂಪಿನವರೇ ಇಟ್ಟ ಹೆಸರು ಅದು. ಪುಸ್ತಕದಲ್ಲೂ ಅದನ್ನೇ ಬರೆದಿದ್ದೆ. ನಿಜವಾದ ಹೆಸರು ಏನು ಅಂತ ಕಟಪಾಡಿವರೆಗೂ ಯೋಚಿಸಿದೆ. ಬರಲಿಲ್ಲ.