ಎಣ್ಣೆಗಾಯಿಗೆ ಯಾವ ವೈನ್?

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ರಂಜಕ. ಜೊತೆಗೆ ನಾನೇ ಹೆಮ್ಮೆಯಿಂದ ಒಯ್ದಿದ್ದ ರೆಡ್ ವೈನ್. ಒಂದು ತುತ್ತು ರಂಜಕ, ಮೇಲೆ ಒಂದು ಗುಟುಕು ವೈನ್. ಕಿವಿಯಲ್ಲಿ ಹೊಗೆ ಬಂತು. "ಖಾರ ಜಾಸ್ತಿ ಆತೇನ್ರಿ?" ಅಂತ ವೈನಿ ಪಾಪ ಗಾಬರಿಯಾದರು. (ಬೆಂಗಳೂರಿನವರಿಗೆ: ವೈನಿ ಅಂದ್ರೆ ಅತ್ತಿಗೆ. ವೈನಿಗೂ ವೈನಿಗೂ ಸಂಬಂಧವಿಲ್ಲ.)

ತಪ್ಪು ಖಾರದ್ದಲ್ಲ, ಜೋಡಿಯದ್ದು. ರೆಡ್ ವೈನಿನಲ್ಲಿ ಒಗರು ಇರುತ್ತದೆ, ಆಲ್ಕೋಹಾಲ್ 13-14% ಇರುತ್ತದೆ. ಎರಡೂ ಮೆಣಸಿನಕಾಯಿಗೆ ಸಿಕ್ಕರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

ಮೊನ್ನೆ ಭಾನುವಾರ ಮತ್ತೆ ಅದೇ ಮನೆ. ಈ ಸಲ ರೀಸ್ಲಿಂಗ್ ಒಯ್ದೆ. ಅಂಗಡಿಯಲ್ಲಿ ಕೇಳಿದಾಗ "ಅದು ಯಾವ ಕಂಪನಿ ಸರ್?" ಅಂದಿದ್ದರು. ಕಂಪನಿ ಅಲ್ಲ, ಬಿಳಿ ದ್ರಾಕ್ಷಿಯ ತಳಿ. ಜರ್ಮನಿಯ ರೈನ್ ನದಿ ಕಡೆಯದು. ಅದರ ಬಳ್ಳಿ ಕೊಂಡ ಖರ್ಚು ಅಲ್ಲಿನ 1435ರ ಲೆಕ್ಕದಲ್ಲೇ ಬರೆದಿದೆ. ಮೊಸೆಲ್ ನದಿಯ ದಂಡೆಯಲ್ಲಿ ನಿಂತರೆ ಜಾರುವಂಥ ಕಡಿದಾದ ಗುಡ್ಡಗಳ ಮೇಲೆ ಬೆಳೆಯುತ್ತಾರೆ. ಅಲ್ಲಿನ ಸ್ಲೇಟ್ ಕಲ್ಲು ಹಗಲು ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಬೆಚ್ಚಗೆ ಕೊಡುತ್ತದೆ. ಚಳಿ ಊರು, ಹಣ್ಣು ನಿಧಾನಕ್ಕೆ ಮಾಗುತ್ತದೆ. ಅದಕ್ಕೇ ಹುಳಿ ಹೋಗುವುದಿಲ್ಲ.

ವೈನಿ ಒಂದು ಗುಟುಕು ರುಚಿ ನೋಡಿದರು. "ಹುಳಿನೂ ಐತಿ, ಬೆಲ್ಲನೂ ಐತಿ. ಇದು ಕಟ್ಟಿನ ಸಾರು ಆತಲ್ರಿ!"

ನಾನು ಇಷ್ಟು ವರ್ಷ ಹೇಳಲು ಒದ್ದಾಡಿದ್ದು ಇದನ್ನೇ. ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಕಂಡರೆ "ಅದು ಹುಡುಗರ ಜ್ಯೂಸ್" ಅಂತ ಮೂಗು ಮುರಿಯುವವರು ಬಹಳ. ಬೆಲ್ಲ ಹಾಕಿದ್ದಾರೆ ಅಂತ ಕಟ್ಟಿನ ಸಾರನ್ನು ಯಾರಾದರೂ ಪಾಯಸ ಅಂತಾರಾ? ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ಎಣ್ಣೆಯ ಜಿಡ್ಡನ್ನು ತೊಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಅಡುಗೆಗಂತೂ ಹೇಳಿ ಮಾಡಿಸಿದ ಜೋಡಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮಿರ್ಚಿ ಭಜಿ, ಗಿರ್ಮಿಟ್ ಜೊತೆಗೂ ಕುಡಿದು ನೋಡಿ.

ಆದರೆ ಎಲ್ಲಾ ರೀಸ್ಲಿಂಗ್ ಸಿಹಿ ಅಲ್ಲ. ಬಾಟಲಿ ಮೇಲೆ 'ಟ್ರೊಕನ್' ಅಂತಿದ್ದರೆ ಸಿಹಿ ಇಲ್ಲ ಎಂದೇ ಅರ್ಥ. ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯದ್ದೂ ಹೆಚ್ಚಾಗಿ ಹಾಗೆಯೇ. ನಾನು ಆಲ್ಕೋಹಾಲ್ ಅಂಕಿ ನೋಡುತ್ತೇನೆ. ಜರ್ಮನಿಯದ್ದು 8-9% ಇದ್ದರೆ ಸಾಮಾನ್ಯವಾಗಿ ಸಿಹಿ ಉಳಿದಿರುತ್ತದೆ, 12% ಇದ್ದರೆ ಇರುವುದಿಲ್ಲ. ಇನ್ನೊಂದು, ಹಳೆಯ ರೀಸ್ಲಿಂಗ್ ಸೀಮೆಎಣ್ಣೆ ವಾಸನೆ ಹೊಡೆಯಬಹುದು. ಕೆಟ್ಟಿದೆ ಅಂತ ಚೆಲ್ಲಬೇಡಿ. ಈ ತಳಿಯ ಗುಣವೇ ಅದು. ನನಗೆ ಆ ವಾಸನೆ ಬಂದರೆ ಅಜ್ಜಿ ಮನೆಯ ಕಂದೀಲು ನೆನಪಾಗುತ್ತದೆ.

ಖಾರಕ್ಕೇ ಹೆಸರಾದ ಸಾವಜಿ ಮಟನ್ ಮುಂದೆ ಮಾತ್ರ ಇದರ ಆಟ ನಡೆಯುವುದಿಲ್ಲ. ಅಲ್ಲಿ ಮಜ್ಜಿಗೆಯೇ ಗತಿ. ಧಾರವಾಡ ಪೇಡೆ ಜೊತೆಗೂ ಬೇಡ. ತಿನ್ನುವುದು ವೈನಿಗಿಂತ ಸಿಹಿಯಾಗಿದ್ದರೆ ವೈನು ಬರೀ ಹುಳಿ ನೀರು ಅನ್ನಿಸುತ್ತದೆ. ಮೊನ್ನೆ ಅದನ್ನೂ ಮಾಡಿ ನೋಡಿದೆವು. ಗೆಳೆಯ ಗ್ಲಾಸು ಪಕ್ಕಕ್ಕಿಟ್ಟು ಎರಡನೇ ಪೇಡೆಗೆ ಕೈ ಹಾಕಿದ.