ಅಟ್ಟೆ ಕಾಣೆಯಾದ ರಾತ್ರಿ

ಅಷ್ಟಮಿಗೆ ಮೂರೇ ದಿನ ಇರುವಾಗ ಜಾಲತಾಣವನ್ನು ಹೊಸ ಸರ್ವರಿಗೆ ಸಾಗಿಸುವ ಬುದ್ಧಿ ನನಗೇಕೆ ಬಂತೋ, ಉಡುಪಿಯ ಕೃಷ್ಣನೇ ಬಲ್ಲ. ನಮ್ಮ ಭಜನಾ ಮಂಡಳಿಯ ಮುದ್ದುಕೃಷ್ಣ ಸ್ಪರ್ಧೆಗೆ ಹೆಸರು ಕೊಡುವ ತಾಣ ಅದು. ಹೊಸ ಸರ್ವರ್ ಅಗ್ಗ ಎಂಬುದೊಂದೇ ನನ್ನ ಸಮರ್ಥನೆ. ಎಲ್ಲವನ್ನೂ ಸಾಗಿಸಿ ತಾಣ ತೆರೆದರೆ ಬಿಳಿ ಪುಟ, ಅದರಲ್ಲಿ ಒಂದೇ ಸಾಲು: ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ. ಕಾರಣ? ಹೇಳುವುದಿಲ್ಲ. ಕನಕನ ಕಿಂಡಿಯಲ್ಲಿ ಇಣುಕಿದರೆ ದೇವರಾದರೂ ಕಾಣುತ್ತಾನೆ. ಇಲ್ಲಿ ಕಿಂಡಿಯೇ ಇಲ್ಲ.

ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತ, ಅಂದರೆ ತಾಣದ ಸಂಪರ್ಕ ವಿವರಗಳಿರುವ ಕಡತ, ಬಿಚ್ಚಿದೆ. ಹೋಸ್ಟ್ ಜಾಗದಲ್ಲಿ ಹಳೆಯ ಸರ್ವರಿನ ವಿಳಾಸವೇ ಕುಳಿತಿತ್ತು. ಲೋಕಲ್‌ಹೋಸ್ಟ್ (ಅಂದರೆ ಇದೇ ಯಂತ್ರ) ಎಂದು ಬದಲಿಸಿದೆ. ಹೊಸ ಕಡೆ ಬಳಕೆದಾರನ ಹೆಸರಿನ ಮುಂದೆ ಖಾತೆಯ ಹೆಸರೂ ಮನೆಹೆಸರಿನಂತೆ ಅಂಟಿಕೊಳ್ಳುತ್ತದೆ, ಅದನ್ನೂ ಸೇರಿಸಿದೆ. ಬಿಳಿ ಪುಟ ಅಲುಗಲಿಲ್ಲ.

ಅಷ್ಟರಲ್ಲಿ ತಾಯಂದಿರ ಫೋನು. “ಕಿರೀಟ ಬಾಡಿಗೆಗೆ ತಂದಾಗಿದೆ ಮಾರಾಯರೇ, ಮಗುವಿನ ಹೆಸರೇ ಹೋಗುತ್ತಿಲ್ಲ!” ಸರ್ವರಿನವರಿಗೆ ನಾನು ಫೋನು ಮಾಡಿದರೆ, “ನಮ್ಮ ಕಡೆ ಎಲ್ಲ ಸರಿ ಇದೆ ಸರ್.” ಎಲ್ಲರ ಕಡೆಯೂ ಸರಿಯೇ, ನಡುವಿನ ನಾನೊಬ್ಬ ಕೆಟ್ಟವನು.

ಉಳಿದದ್ದು ಪಾಸ್‌ವರ್ಡ್. ಅದನ್ನೇ ಹಾಕಿದರೆ ಡೇಟಾಬೇಸ್ ನೋಡಿಕೊಳ್ಳುವ ಸಾಧನ ಪಿಎಚ್‌ಪಿ‌ಮೈಅಡ್ಮಿನ್ ಸಲೀಸಾಗಿ ತೆರೆಯುತ್ತದೆ, ತಾಣ ಮಾತ್ರ ಒಲ್ಲೆ ಎನ್ನುತ್ತದೆ. ಆ ಪಾಸ್‌ವರ್ಡ್ ನನ್ನ ಹೆಮ್ಮೆಯ ಸೃಷ್ಟಿ. ಶಂಕರಪುರ ಮಲ್ಲಿಗೆ ಮಾರುವ ಲೆಕ್ಕದಲ್ಲಿ ಕಟ್ಟಿದ ಹೂವಿನ 4 ಚೆಂಡಿಗೆ ಒಂದು ಅಟ್ಟೆ ತಾನೆ? ಹಾಗಾಗಿ ಮೊದಲು ಮಲ್ಲಿಗೆ, ನಡುವೆ ಡಾಲರ್ ಚಿಹ್ನೆ, ಬಳಿಕ ಅಟ್ಟೆ, ಕೊನೆಗೆ 4. (ಈಗ ಬದಲಿಸಿದ್ದೇನೆ, ಪ್ರಯತ್ನಿಸಬೇಡಿ.)

ರಾತ್ರಿ ಒಂದೂವರೆಗೆ, ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ, ಕಣ್ಣಿಗೆ ಬಿತ್ತು. ಕಡತದಲ್ಲಿ ಮೊದಲು ಇದ್ದದ್ದು ಒಂಟಿ ಉದ್ಧರಣ ಚಿಹ್ನೆ. ಆ ಸಾಲನ್ನು ಹೊಸದಾಗಿ ಬರೆಯುವ ಉತ್ಸಾಹದಲ್ಲಿ ನಾನು ಜೋಡಿ ಚಿಹ್ನೆ ಹಾಕಿದ್ದೆ. ಜೋಡಿ ಚಿಹ್ನೆಯೊಳಗೆ ಡಾಲರ್ ಕಂಡರೆ ತಾಣದ ಭಾಷೆಯಾದ ಪಿಎಚ್‌ಪಿ ಅದನ್ನು ಅಕ್ಷರವೆಂದು ಬಗೆಯುವುದಿಲ್ಲ, ಮುಂದಿರುವುದು ಯಾವುದೋ ಚರದ (ಮೌಲ್ಯ ತುಂಬಿಡುವ ಡಬ್ಬಿಯ) ಹೆಸರು ಎಂದುಕೊಳ್ಳುತ್ತದೆ. ‘ಅಟ್ಟೆ4’ ಎಂಬ ಚರವನ್ನು ಹುಡುಕಿ, ಸಿಗದೆ, ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗಿದೆ. ಡೇಟಾಬೇಸಿನ ಬಾಗಿಲಿಗೆ ತಲುಪಿದ್ದು ಬರೀ ಮಲ್ಲಿಗೆ!

“ಸಿಕ್ಕಿತು! ಅಟ್ಟೆ ಹೋಗಿಯೇ ಇಲ್ಲ!” ಎಂದು ಕೂಗಿಬಿಟ್ಟೆ.

ಒಳಕೋಣೆಯ ದೀಪ ಹೊತ್ತಿತು. ವಾರದ ಹಿಂದೆ ಎರಡು ದಿನಕ್ಕೆಂದು ಬಂದಿದ್ದ ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. “ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ ಅಳಿಯಂದಿರೇ. ಅದಕ್ಕೆ ಈ ಹೊತ್ತಿನಲ್ಲಿ ಕೂಗಬೇಕೇ?”